ಹೆಡರ್ ಕೆಳಗೆ ಮಕ್ಕಳ ಸಾಲು: ಹಂತ ಹಂತದ ಫ್ಲಾಟ್ ಫೈಲ್ ಬಿಡಿಸಲು ಯಾವ ದಾರಿ ಹಿಡಿಯಬೇಕು?

ಮೂರು ಬಗೆಯ ಓದುಗರು ಕೇಳುತ್ತಿರುವುದು ಒಂದೇ ಪ್ರಶ್ನೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರಿಗೆ ಕೂಲಿ ಸಾಫ್ಟ್‌ವೇರ್ ಉಗುಳಿದ ಟೆಕ್ಸ್ಟ್ ಫೈಲನ್ನು ಎಕ್ಸೆಲ್‌ಗೆ ತರಬೇಕಾಗಿದೆ. ಚಿಕ್ಕಮಗಳೂರಿನ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ರಿಟರ್ನ್ ಫೈಲಿನ ಒಳಗೇನಿದೆ ಎಂದು ಬಿಡಿಸಿ ನೋಡಬೇಕಾಗಿದೆ. ಹಾಸನದ ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ಕೋಡ್ ಬರೆಯುವವರ ಮುಂದೆ ಬ್ಯಾಂಕ್ ಪಾವತಿಯ ಫೈಲ್ ಬಂದು ಕೂತಿದೆ. ಪೈಥಾನ್‌ನಲ್ಲಿ ಬರೆದುಬಿಡಲೇ, ಎಕ್ಸೆಲ್ ಸಾಕಾಗುತ್ತದೆಯೇ, ಡೇಟಾಬೇಸ್‌ಗೆ ಸುರಿಯಲೇ, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಲೈಬ್ರರಿ, ತರಲೇ ಎನ್ನುವುದು ಎಲ್ಲರ ಗೊಂದಲ.

ಉತ್ತರ ಹೇಳುವ ಮೊದಲು ಫೈಲನ್ನೇ ಹತ್ತಿರದಿಂದ ನೋಡೋಣ. ಬರೀ ಸಾಲುಗಳಿರುವ ಟೆಕ್ಸ್ಟ್ ಫೈಲಿಗೆ ಫ್ಲಾಟ್ ಫೈಲ್ ಎನ್ನುತ್ತಾರೆ. ಹಂತ ಹಂತದ್ದು ಎಂದರೆ ಮೇಲೊಂದು ಹೆಡರ್ ಅಥವಾ ತಾಯಿ ಸಾಲು, ಅದರ ಕೆಳಗೆ ಅದಕ್ಕೆ ಸೇರಿದ ಮಕ್ಕಳ ಸಾಲು. ಒಂದು ತೋಟದ ವಾರದ ಚೆಕ್‌ರೋಲ್ (ಕೂಲಿ ಲೆಕ್ಕದ ಪಟ್ಟಿ) ಹೀಗಿದೆ ಎಂದುಕೊಳ್ಳಿ:

10|0412|11012025
20|03
30|1187
40|06012025|84.5
40|07012025|91.0
30|1192
40|06012025|77.0
90|3|252.5

10 ಅಂದರೆ ತೋಟದ ಸಂಖ್ಯೆ ಮತ್ತು ವಾರ ಮುಗಿಯುವ ತಾರೀಕು. 20 ಬ್ಲಾಕ್. 30 ಕೆಲಸಗಾರರ ಟೋಕನ್ ನಂಬರು. 40 ಆ ದಿನ ಕುಯ್ದ ಹಣ್ಣಿನ ಕಿಲೋ. 90 ಕೊನೆಯ ತಾಳೆ ಸಾಲು: ಕುಯ್ಲಿನ ಸಾಲು ಒಟ್ಟು 3, ತೂಕ ಒಟ್ಟು 252.5.

77.0 ಕಿಲೋದ ಸಾಲನ್ನು ಮಾತ್ರ ಎತ್ತಿ ಬೇರೆ ಕಡೆ ಇಟ್ಟರೆ ಅದು ಯಾರ ಕುಯ್ಲು ಎಂದು ಯಾರಿಗೂ ಹೇಳಲಾಗದು. ಅದರ ಮೇಲೆ ಯಾವ 30 ಕೂತಿದೆ ಎನ್ನುವುದೇ ಅದರ ವಿಳಾಸ. ಕಾಲಂಗಳ ನಡುವೆ ಅಲ್ಪವಿರಾಮ ಇರುವ ಮಾಮೂಲಿ ಸಿಎಸ್‌ವಿ ಫೈಲಿನಲ್ಲಿ ಪ್ರತಿ ಸಾಲೂ ತನ್ನ ಪೂರ್ತಿ ವಿವರ ತಾನೇ ಹೊತ್ತಿರುತ್ತದೆ, ಇಲ್ಲಿ ಹಾಗಿಲ್ಲ. ಆದ್ದರಿಂದಲೇ ಇದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ತೂಕದ ಕಾಲಂ ಪ್ರಕಾರ ಸಾರ್ಟ್ ಮಾಡಿದ ಕ್ಷಣವೇ ಮಾಹಿತಿ ಸತ್ತುಹೋಗುತ್ತದೆ.

ಯಾವುದರ ಮೇಲೆ ತೂಗಬೇಕು

ಮೊದಲ ಪ್ರಶ್ನೆ: ತಾಯಿ ಸಾಲು ಯಾವುದೆಂದು ಫೈಲ್ ಎಲ್ಲಿ ಹೇಳುತ್ತದೆ? ಮೂರು ಪದ್ಧತಿಗಳಿವೆ. ಮೇಲಿನ ಚೆಕ್‌ರೋಲ್‌ನಲ್ಲಿ ಜಾಗವೇ ಎಲ್ಲವನ್ನೂ ಹೇಳುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಎಂಟಿ940 ಕೂಡ ಇದೇ ಜಾತಿ: 61ನೇ ಟ್ಯಾಗ್ ವ್ಯವಹಾರ, ಅದರ ಬೆನ್ನಿಗೆ ಬರುವ 86 ಅದರ ವಿವರಣೆ. ಎರಡನೆಯ ಪದ್ಧತಿಯಲ್ಲಿ ಮಗು ಸಾಲೇ ತಾಯಿಯ ನಂಬರನ್ನು ಹೊತ್ತಿರುತ್ತದೆ. ನಮ್ಮ ಟಿಡಿಎಸ್ ಫೈಲ್ ಹೀಗಿದೆ. ಕಾಲಂಗಳ ನಡುವೆ ಕ್ಯಾರೆಟ್ ಚಿಹ್ನೆ (^), ಮೊದಲ ಕಾಲಂ ಸಾಲಿನ ಸಂಖ್ಯೆ, ಎರಡನೆಯದು ಸಾಲಿನ ಬಗೆ: ಎಫ್‌ಎಚ್ ಫೈಲ್ ಹೆಡರ್, ಬಿಎಚ್ ಬ್ಯಾಚ್ ಹೆಡರ್, ಸಿಡಿ ಚಲನ್, ಡಿಡಿ ಯಾರಿಂದ ತೆರಿಗೆ ಹಿಡಿದರೋ ಅವರ ವಿವರ. ಡಿಡಿ ಸಾಲಿನಲ್ಲಿ ಬ್ಯಾಚ್ ಸಂಖ್ಯೆಯೂ ಚಲನ್ ಕ್ರಮಸಂಖ್ಯೆಯೂ ಇದ್ದೇ ಇರುತ್ತವೆ. ಮೂರನೆಯದು ಪ್ರತಿ ಸಾಲಿನ ಮೊದಲಲ್ಲಿ ಮಟ್ಟದ ಅಂಕಿ ಬರೆಯುವುದು. ವಂಶವೃಕ್ಷದ ಗೆಡ್‌ಕಾಮ್ ಫೈಲುಗಳಲ್ಲಿ 0, 1, 2 ಎಂದು ಕಾಣುವುದು ಇದೇ. ಎರಡನೆಯ ಪದ್ಧತಿಯ ಫೈಲ್ ನಿಮ್ಮದಾಗಿದ್ದರೆ ಅರ್ಧ ತಲೆನೋವು ಇಲ್ಲ. ಯಾವ ಸಾಧನವಾದರೂ ನಡೆಯುತ್ತದೆ, ಅಗ್ಗದ್ದನ್ನೇ ಆರಿಸಿ.

ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಸಾಲು ಕಾಣೆಯಾದರೆ ನಿಮ್ಮ ಸಾಧನಕ್ಕೆ ಗೊತ್ತಾಗುತ್ತದೆಯೇ? ಮೇಲಿನ ಫೈಲಿನಲ್ಲಿ 30|1192 ಎಂಬ ಸಾಲು ಬಿದ್ದುಹೋಯಿತು ಎನ್ನಿ. 77.0 ಕಿಲೋ ಸದ್ದಿಲ್ಲದೆ 1187ರ ಹೆಸರಿಗೆ ಸೇರುತ್ತದೆ. ಕೊನೆಯ ತಾಳೆ ಸಾಲನ್ನು ನೋಡಿ: ಕುಯ್ಲಿನ ಸಾಲು ಈಗಲೂ 3, ತೂಕ ಈಗಲೂ 252.5. ತಾಳೆ ಸರಿಯಾಗಿಯೇ ಬರುತ್ತದೆ. ಒಬ್ಬರಿಗೆ ಒಂದು ದಿನದ ಕೂಲಿ ಇಲ್ಲ, ಇನ್ನೊಬ್ಬರಿಗೆ ಎರಡು. ಟ್ರೇಲರ್ ಟೋಟಲ್ (ಕೊನೆಯ ಸಾಲಿನ ಮೊತ್ತ) ಸರಿಯಿದ್ದರೆ ಸಾಕು ಎಂದು ನಂಬಿದವರಿಗೆ ಈ ತಪ್ಪು ಕಾಣುವುದೇ ಇಲ್ಲ, ಸಂಬಳದ ದಿನ 1192ರ ಹೆಣ್ಣುಮಗಳು ಬಂದು ಲೆಕ್ಕ ಬರೆಯುವ ರೈಟರ್ ಮುಂದೆ ನಿಲ್ಲುವವರೆಗೆ. ಅದನ್ನು ಹಿಡಿಯುವ ದಾರಿ ಮಾಹಿತಿಯ ಒಳಗೇ ಇದೆ: 1187ರ ಕೆಳಗೆ 06012025 ಎರಡು ಸಲ ಬಂದಿದೆ, ಅದೂ 7ನೇ ತಾರೀಕು ಆದ ಮೇಲೆ ಮತ್ತೆ 6. ಒಂದು ಟೋಕನ್‌ಗೆ ಒಂದು ದಿನಕ್ಕೆ ಒಂದೇ ಸಾಲು ಎಂಬ ನಿಯಮವನ್ನು ನಿಮ್ಮ ಸಾಧನದಲ್ಲಿ ಸುಲಭವಾಗಿ ಬರೆಯಲು ಬರಬೇಕು.

ಮೂರನೆಯದು ಗಾತ್ರ ಮತ್ತು ಸರದಿ. ವರ್ಷಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ, ಪ್ರತಿ ರಾತ್ರಿಯೋ? ನಾಲ್ಕನೆಯದು, ನಿಮ್ಮ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ. ತೋಟದ ಆಫೀಸಿನಲ್ಲಿ ಕೋಡ್ ಓದುವವರೇ ಇಲ್ಲದಿದ್ದರೆ ಅತಿ ಚೆಂದದ ಜಾವಾ ಪ್ರೋಗ್ರಾಮ್ ಕೂಡ ಮುಂದಿನ ಹಂಗಾಮಿಗೆ ಅನಾಥ.

ಐದನೆಯದು ಅಕ್ಷರಗಳ ವಿಷಯ, ಕನ್ನಡದವರಾದ ನಮಗೆ ವಿಶೇಷವಾಗಿ ತಟ್ಟುವಂಥದ್ದು. ಗೆರೆಯೋ ಕ್ಯಾರೆಟ್ಟೋ ಇಲ್ಲದೆ "11ನೇ ಜಾಗದಿಂದ 40ರವರೆಗೆ ಹೆಸರು" ಎಂದು ಅಳತೆ ಕೊಟ್ಟಿರುವ ಫೈಲುಗಳಿವೆ. "ಚಿಕ್ಕಮಗಳೂರು" ಎಂಬ ಪದ ಬಾಯಲ್ಲಿ 6 ಅಕ್ಷರ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 11 ಸಂಕೇತ, ಆ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ 33 ಬೈಟ್. ಫೈಲ್ ಬರೆದವರು ಬೈಟ್ ಎಣಿಸಿ, ನೀವು ಸಂಕೇತ ಎಣಿಸಿದರೆ ಹೆಸರಿನ ನಂತರದ ಕಾಲಂಗಳೆಲ್ಲ ಜಾರಿಹೋಗುತ್ತವೆ. ಇಂಗ್ಲಿಷ್ ಹೆಸರಿರುವ ಸಾಲು ಸರಿಯಾಗಿ ಬಂದು ಕನ್ನಡ ಹೆಸರಿನ ಸಾಲು ಮಾತ್ರ ಕೆಟ್ಟರೆ ಕಾರಣ ಇದೇ. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ (ಯೂನಿಕೋಡ್ ಅಲ್ಲದ) ಪಠ್ಯ ಒಳಗಿದ್ದರೆ ಮೊದಲು ಬೈಟ್ ಲೆಕ್ಕದಲ್ಲಿ ಕತ್ತರಿಸಿ, ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿ. ತಿರುಗಿಸಿ ಮಾಡಿದರೆ ಅಳತೆಯೇ ಬದಲಾಗಿ ಕತ್ತರಿಸುವ ಜಾಗ ಸಿಗದು.

ಎಕ್ಸೆಲ್‌ನ ಪವರ್ ಕ್ವೆರಿ

ಆಫೀಸಿನಲ್ಲಿ ಎಕ್ಸೆಲ್ ಆಗಲೇ ಇದೆ, ಪ್ರೋಗ್ರಾಮರ್ ಇಲ್ಲ, ಫೈಲ್ ಕೆಲವು ಸಾವಿರ ಸಾಲಿನದ್ದು ಎಂದರೆ ನಾನು ಮೊದಲು ಹೇಳುವುದು ಇದನ್ನೇ. ಮಾಹಿತಿಯನ್ನು ತಂದು ಹಂತ ಹಂತವಾಗಿ ತಿದ್ದುವ ಪವರ್ ಕ್ವೆರಿ ಎಕ್ಸೆಲ್ 2016ರಿಂದ ಒಳಗೇ ಬರುತ್ತದೆ, ಹೊಸ ಖರ್ಚಿಲ್ಲ. ಉಪಾಯ ಸರಳ. ಮೊದಲು ಇಂಡೆಕ್ಸ್ ಕಾಲಂ ಸೇರಿಸಿ, ಸಾಲುಗಳ ಮೂಲ ಕ್ರಮ ಅಲ್ಲಿ ಭದ್ರವಾಗಿರಲಿ. ಆಮೇಲೆ ಷರತ್ತಿನ ಕಾಲಂ: ಸಾಲಿನ ಬಗೆ 30 ಆದರೆ ಟೋಕನ್ ನಂಬರು, ಇಲ್ಲದಿದ್ದರೆ ಖಾಲಿ. ಅದನ್ನು ಫಿಲ್ ಡೌನ್ ಮಾಡಿ. ಬ್ಲಾಕಿಗೂ ಹೀಗೆಯೇ. ಕೊನೆಗೆ 40ರ ಸಾಲುಗಳನ್ನು ಮಾತ್ರ ಉಳಿಸಿಕೊಂಡರೆ ಪ್ರತಿ ಸಾಲಿನ ಪಕ್ಕದಲ್ಲೇ ಅದರ ಟೋಕನ್, ಅದರ ಬ್ಲಾಕ್ ಬಂದು ಕೂತಿರುತ್ತವೆ. ಮುಂದಿನ ವಾರ ಹೊಸ ಫೈಲನ್ನು ಅದೇ ಹೆಸರಿನಲ್ಲಿ ಇಟ್ಟು ರಿಫ್ರೆಶ್ ಒತ್ತಿದರೆ ಸಾಕು.

ಇಲ್ಲಿನ ಅಪಾಯ ಫಿಲ್ ಡೌನ್‌ನ ಸ್ವಭಾವದಲ್ಲೇ ಇದೆ. ಖಾಲಿ ಕಂಡಲ್ಲೆಲ್ಲ ಅದು ಮೇಲಿನದ್ದನ್ನು ಇಳಿಸುತ್ತಾ ಹೋಗುತ್ತದೆ, ಬ್ಲಾಕಿನ ಗಡಿ ದಾಟಿದರೂ ನಿಲ್ಲುವುದಿಲ್ಲ. 20|04 ಎಂಬ ಹೊಸ ಬ್ಲಾಕ್ ಬಂದು ಅದರ ಮೊದಲ 30 ಕಾಣೆಯಾಗಿದ್ದರೆ ಹಿಂದಿನ ಬ್ಲಾಕಿನ ಕೊನೆಯ ಕೆಲಸಗಾರರ ಟೋಕನ್ ಹೊಸ ಬ್ಲಾಕಿನ ಕುಯ್ಲಿಗೆ ಅಂಟಿಕೊಳ್ಳುತ್ತದೆ. ಪರಿಹಾರವೂ ಅಲ್ಲೇ ಇದೆ: ಷರತ್ತಿನಲ್ಲಿ ಇನ್ನೊಂದು ಕವಲು ಸೇರಿಸಿ, ಸಾಲಿನ ಬಗೆ 20 ಆದರೆ ಟೋಕನ್ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆಯಿರಿ. ಆಗ ಕೆಳಗೆ ಇಳಿಯುವುದು "ಇಲ್ಲ" ಎಂಬ ಪದ. ತಪ್ಪು ಸಾಲು ಫಿಲ್ಟರ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಈ ಒಂದು ಕವಲು ಇಲ್ಲದ ಕ್ವೆರಿಯಿಂದ ಕೂಲಿ ಲೆಕ್ಕ ತೆಗೆಯಬೇಡಿ.

ಇನ್ನೆರಡು ಎಚ್ಚರಿಕೆ. ಪವರ್ ಕ್ವೆರಿ ತಾನಾಗಿಯೇ ಕಾಲಂಗಳ ಬಗೆ ಬದಲಿಸುವ ಒಂದು ಹಂತ ಸೇರಿಸುತ್ತದೆ. ಅದರಿಂದ 0412 ಎಂಬ ತೋಟದ ಸಂಖ್ಯೆ 412 ಆಗುತ್ತದೆ. ಆ ಹಂತವನ್ನು ಅಳಿಸಿ, ಕೋಡ್‌ಗಳನ್ನೆಲ್ಲ ಟೆಕ್ಸ್ಟ್ ಆಗಿಯೇ ಇಡಿ. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ಹಾಗಾಗಿ 16 ಅಂಕಿಯ ಬ್ಯಾಂಕ್ ಖಾತೆಯ ಕೊನೆಯ ಅಂಕಿ ಸೊನ್ನೆಯಾಗಿ ಹೋಗುತ್ತದೆ. ಹಾಳೆಯ ಮಿತಿ 10,48,576 ಸಾಲು. ತೋಟಕ್ಕೂ ಡೇರಿಗೂ ಅದು ಬೇಕಾದಷ್ಟಾಯಿತು.

ಡೇರಿ ಅಂದೆ. ಒಂದು ಪಾಳಿಗೆ ಒಂದು ಹೆಡರ್, ಅದರಡಿ ಸದಸ್ಯರ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಇರುವ ಎರಡೇ ಮಟ್ಟದ ಫೈಲಿಗೆ ಇದಕ್ಕಿಂತ ಹೆಚ್ಚಿನ ಸಾಧನ ಬೇಡವೇ ಬೇಡ.

ಕೈಯಾರೆ ಬರೆದ ಪೈಥಾನ್

ಸ್ವಲ್ಪ ಕೋಡ್ ಬರೆಯಲು ಬರುವವರಿಗೆ ನನ್ನ ಆಯ್ಕೆ ಇದು. ಮಟ್ಟ ಮೂರಿರಲಿ ಆರಿರಲಿ, ರಚನೆ ಒಂದೇ: ಒಂದೊಂದೇ ಸಾಲು ಓದು, ಮೊದಲ ಎರಡು ಅಂಕಿ ನೋಡು, "ಈಗಿನ ಬ್ಲಾಕ್", "ಈಗಿನ ಟೋಕನ್" ಎಂಬ ವೇರಿಯೇಬಲ್‌ಗಳನ್ನು ಬದಲಿಸು, 40 ಬಂದಾಗ ಅವುಗಳ ಜೊತೆ ಸೇರಿಸಿ ಹೊರಗೆ ಬರೆ. ಫೈಲನ್ನು ಪೂರ್ತಿ ಮೆಮೊರಿಗೆ ಎಳೆಯದೆ ಸಾಲು ಸಾಲಾಗಿ ಓದುವುದರಿಂದ ಹಳೆಯ ಲ್ಯಾಪ್‌ಟಾಪ್‌ನಲ್ಲೂ ದೊಡ್ಡ ಫೈಲ್ ಓಡುತ್ತದೆ. ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಮಲೆನಾಡಿನ ಆಫೀಸಿಗೆ ಇದು ಸಣ್ಣ ಲಾಭವಲ್ಲ.

ನಿಯಮ ಒಂದೇ, ಆದರೆ ಬಿಡುವಂತಿಲ್ಲ: ಮೇಲಿನ ಮಟ್ಟದ ಸಾಲು ಬಂದ ಕೂಡಲೇ ಅದರ ಕೆಳಗಿನ ಮಟ್ಟಗಳ ನೆನಪನ್ನೆಲ್ಲ ಅಳಿಸಿ. 20 ಬಂದರೆ ಟೋಕನ್ ಖಾಲಿ. ಟೋಕನ್ ಖಾಲಿ ಇರುವಾಗ 40 ಬಂದರೆ ಸಾಲಿನ ಸಂಖ್ಯೆ ಹೇಳಿ ಪ್ರೋಗ್ರಾಮ್ ನಿಲ್ಲಬೇಕು, ಊಹಿಸಿ ಮುಂದೆ ಹೋಗಬಾರದು. ಗೊತ್ತಿಲ್ಲದ ಬಗೆಯ ಸಾಲು ಬಂದರೂ ಅಷ್ಟೇ. ಎಷ್ಟೋ ಕಡೆ "ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗು" ಎಂದು ಬರೆದಿರುತ್ತಾರೆ. ಸಾಫ್ಟ್‌ವೇರ್ ಹೊಸ ಆವೃತ್ತಿಯಲ್ಲಿ 45 ಎಂಬ ಮುಂಗಡ ಕಡಿತದ ಸಾಲು ಸೇರಿಸಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಸಾಲನ್ನೇ ಪ್ರೋಗ್ರಾಮ್ ಗುರುತಿಸದಿದ್ದರೆ ಗಾಬರಿಯಾಗಬೇಡಿ. ವಿಂಡೋಸ್‌ನ ಕೆಲವು ಪ್ರೋಗ್ರಾಮುಗಳು ಯುಟಿಎಫ್-8 ಫೈಲಿನ ತಲೆಗೆ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿಸುತ್ತವೆ, ಆಗ 10 ಎಂಬುದು 10 ಆಗಿ ಉಳಿಯುವುದಿಲ್ಲ. ಪೈಥಾನ್‌ನಲ್ಲಿ ಯುಟಿಎಫ್-8-ಸಿಗ್ (utf-8-sig) ಎಂಬ ಎನ್‌ಕೋಡಿಂಗ್ ಕೊಟ್ಟರೆ ಸರಿಹೋಗುತ್ತದೆ. ದುಡ್ಡು, ತೂಕ ಎರಡಕ್ಕೂ ಫ್ಲೋಟ್ ಬಿಟ್ಟು ಡೆಸಿಮಲ್ ಬಳಸಿ, ಇಲ್ಲದಿದ್ದರೆ ತಾಳೆ ನೋಡುವಾಗ ಪೈಸೆಯ ಕೆಳಗಿನ ವ್ಯತ್ಯಾಸ ಕಾಡುತ್ತದೆ.

ಕೊರತೆ ಏನೆಂದರೆ ಫೈಲಿನ ಸ್ವರೂಪ ಕೋಡ್‌ನ ಒಳಗೆ ಹೂತುಹೋಗಿರುತ್ತದೆ. ಸಾಲಿನ ಬಗೆಗಳು ಹತ್ತು ಹನ್ನೆರಡು ದಾಟಿದರೆ, ಒಂದೊಂದರಲ್ಲಿ ಐವತ್ತು ಕಾಲಂ ಇದ್ದರೆ, ಆ ಕೋಡನ್ನು ಬೇರೆಯವರು ಓದುವುದು ಕಷ್ಟ. ಕಾಲಂಗಳ ಪಟ್ಟಿಯನ್ನು ಬೇರೆ ಕೋಷ್ಟಕದಲ್ಲಿ ಇಟ್ಟು, ಲೂಪನ್ನು ಚಿಕ್ಕದಾಗಿ ಇಟ್ಟುಕೊಂಡರೆ ಈ ಮಿತಿಯನ್ನು ಸಾಕಷ್ಟು ಮುಂದೂಡಬಹುದು.

ಲಿನಕ್ಸ್ ಬಳಸುವವರು ಸಾಲು ಸಾಲಾಗಿ ಪಠ್ಯ ಸಂಸ್ಕರಿಸುವ ಆಕ್ (awk) ಬಗ್ಗೆ ಕೇಳುತ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ 1977ರಲ್ಲಿ ಹುಟ್ಟಿದ ಈ ಸಾಧನ ಇಂದಿಗೂ ಚುರುಕು. ಯಾವ ಬಗೆಯ ಸಾಲು ಎಷ್ಟಿವೆ ಎಂದು ಒಂದೇ ಗೆರೆಯಲ್ಲಿ ಎಣಿಸಲು ಅದಕ್ಕೆ ಸಾಟಿಯಿಲ್ಲ. ನಾಳೆ ಇನ್ನೊಬ್ಬರು ತಿದ್ದಬೇಕಾದ ಕೂಲಿ ಲೆಕ್ಕಕ್ಕೆ ನಾನು ಅದನ್ನು ಬಳಸುವುದಿಲ್ಲ.

ಡೇಟಾಬೇಸ್‌ಗೆ ಸುರಿದು ಎಸ್‌ಕ್ಯೂಎಲ್

ಮಾಹಿತಿ ಕೊನೆಗೆ ಡೇಟಾಬೇಸ್‌ಗೇ ಹೋಗಬೇಕಿದ್ದರೆ, ಅಥವಾ ಹತ್ತು ವರ್ಷದ ಹಳೆಯ ಫೈಲುಗಳನ್ನು ಒಟ್ಟಿಗೆ ಜಾಲಾಡಬೇಕಿದ್ದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ಈ ದಾರಿ ಒಳ್ಳೆಯದು. ಪ್ರತಿ ಸಾಲನ್ನೂ ಒಡೆಯದೆ ಇಡಿಯಾಗಿ ಒಂದು ಟೇಬಲ್‌ಗೆ ಹಾಕಿ: ಫೈಲಿನ ಹೆಸರು, ಸಾಲಿನ ಸಂಖ್ಯೆ, ಬಗೆ, ಪಠ್ಯ. ಸಾಲಿನ ಸಂಖ್ಯೆ ಕಡ್ಡಾಯ. ಟೇಬಲ್‌ನಲ್ಲಿ ಸಾಲುಗಳಿಗೆ ತಮ್ಮದೇ ಆದ ಕ್ರಮ ಇರುವುದಿಲ್ಲ, ಒಳಗೆ ಹೋದ ಕ್ರಮದಲ್ಲೇ ಹೊರಗೆ ಬರುತ್ತವೆ ಎಂಬ ಖಾತ್ರಿ ಇಲ್ಲ.

ಮುಂದಿನ ಕೆಲಸ ವಿಂಡೋ ಫಂಕ್ಷನ್‌ನದ್ದು, ಅಂದರೆ ಒಂದು ಸಾಲಿನಲ್ಲಿ ನಿಂತು ಅದರ ಹಿಂದುಮುಂದಿನ ಸಾಲುಗಳನ್ನೂ ಲೆಕ್ಕಕ್ಕೆ ತರುವ ಎಸ್‌ಕ್ಯೂಎಲ್ ಸೌಲಭ್ಯದ್ದು. ಒಂದೊಂದು ಫೈಲಿನೊಳಗೆ ಸಾಲಿನ ಸಂಖ್ಯೆಯ ಕ್ರಮದಲ್ಲಿ ನಡೆಯುತ್ತಾ "ಇಲ್ಲಿಯವರೆಗೆ ಕಂಡ ಕೊನೆಯ 30ರ ಸಾಲು ಸಂಖ್ಯೆ", "ಇಲ್ಲಿಯವರೆಗೆ ಕಂಡ ಕೊನೆಯ 20ರ ಸಾಲು ಸಂಖ್ಯೆ" ಎರಡನ್ನೂ ಪ್ರತಿ 40ರ ಪಕ್ಕ ತರಿಸಿ. ಮೊದಲನೆಯದು ಎರಡನೆಯದಕ್ಕಿಂತ ಚಿಕ್ಕದಾಗಿದ್ದರೆ ಅಥವಾ ಖಾಲಿಯಾಗಿದ್ದರೆ ಆ ಕುಯ್ಲಿನ ಸಾಲಿಗೆ ತನ್ನ ಬ್ಲಾಕಿನಲ್ಲಿ ತಾಯಿ ಇಲ್ಲ. ಒಂದೇ ಹೋಲಿಕೆಯಲ್ಲಿ ಎಲ್ಲ ಅನಾಥ ಸಾಲುಗಳೂ ಸಿಕ್ಕವು. ಒಂದೇ ಟೋಕನ್‌ಗೆ ಒಂದೇ ತಾರೀಕು ಎರಡು ಸಲ ಬಂದಿದೆಯೇ ಎನ್ನುವುದೂ ಇಲ್ಲಿ ಎರಡು ಸಾಲಿನ ಪ್ರಶ್ನೆ. ತಪಾಸಣೆಯ ವಿಷಯದಲ್ಲಿ ಉಳಿದ ಯಾವ ದಾರಿಯೂ ಇದಕ್ಕೆ ಸಮವಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ವರ್ ಬೇಕೆಂದೇನೂ ಇಲ್ಲ: ಎಸ್‌ಕ್ಯೂಲೈಟ್‌ನಲ್ಲಿ 2018ರ 3.25 ಆವೃತ್ತಿಯಿಂದ ವಿಂಡೋ ಫಂಕ್ಷನ್ ಇದೆ, ಇಡೀ ಡೇಟಾಬೇಸ್ ಒಂದೇ ಫೈಲ್, ಉಚಿತ. ಮೈಎಸ್‌ಕ್ಯೂಎಲ್ ಬಳಸುವವರಿಗೆ 8.0 ಅಥವಾ ಮೇಲಿನದ್ದು ಬೇಕು.

ತೊಡಕು ಒಂದಿದೆ. ಅಳತೆಯ ಕಾಲಂಗಳನ್ನು ಎಸ್‌ಕ್ಯೂಎಲ್‌ನಲ್ಲಿ ಕತ್ತರಿಸುವುದು ಬೇಸರದ ಕೆಲಸ. ನನಗೆ ಒಗ್ಗಿರುವುದು ಎರಡರ ಜೋಡಿ: ಸಾಲು ಒಡೆದು ತುಂಬಲು ಪೈಥಾನ್, ತಾಳೆ ನೋಡಲು ಎಸ್‌ಕ್ಯೂಲೈಟ್.

ಸಿದ್ಧ ಲೈಬ್ರರಿಗಳು

ಹಾಸನದಿಂದ ಹೊರದೇಶದ ಕೆಲಸ ಮಾಡುವವರು ಗಮನವಿಟ್ಟು ಓದಬೇಕಾದ ಭಾಗ ಇದು. ಅಮೆರಿಕದ ನಾಚಾ ಪಾವತಿ ಫೈಲನ್ನೇ ತೆಗೆದುಕೊಳ್ಳಿ. ಪ್ರತಿ ಸಾಲು 94 ಅಕ್ಷರ. 1 ಫೈಲ್ ಹೆಡರ್, 5 ಬ್ಯಾಚ್ ಹೆಡರ್, 6 ಪಾವತಿ, 7 ಅದರ ಹೆಚ್ಚಿನ ವಿವರ, 8 ಬ್ಯಾಚಿನ ತಾಳೆ, 9 ಫೈಲಿನ ತಾಳೆ. ಒಟ್ಟು ಸಾಲು ಹತ್ತರ ಗುಣಕವಾಗುವವರೆಗೆ ಬರೀ 9 ತುಂಬಿದ ಸಾಲುಗಳನ್ನು ಕೊನೆಗೆ ಸೇರಿಸುತ್ತಾರೆ. "ಮೊದಲ ಅಂಕಿ 9 ಆದರೆ ಫೈಲಿನ ತಾಳೆ" ಎಂದು ಬರೆದ ಲೂಪ್ ಈ ತುಂಬುಸಾಲನ್ನೂ ತಾಳೆ ಎಂದೇ ಓದುತ್ತದೆ. ಮಟ್ಟಗಳೂ ನಿಯಮಗಳೂ ಇಷ್ಟಿರುವಾಗ, ಪ್ರತಿ ರಾತ್ರಿ ಓಡಬೇಕಿರುವಾಗ, ತಂಡದಲ್ಲಿ ಜನ ಬದಲಾಗುತ್ತಿರುವಾಗ ಸ್ವರೂಪವನ್ನು ಕೋಡ್‌ನಿಂದ ಹೊರಗೆ ಬರೆದಿಡುವುದು ಲಾಭ.

ಜಾವಾದಲ್ಲಿ ಬೀನ್‌ಐಒ ಅದನ್ನೇ ಮಾಡುತ್ತದೆ: ಯಾವ ಗುಂಪಿನೊಳಗೆ ಯಾವ ಸಾಲು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟರೆ ಬರಬಾರದ ಜಾಗದಲ್ಲಿ ಬಂದ ಸಾಲನ್ನು ಅದೇ ತಡೆಯುತ್ತದೆ. ಜಾವಾದ್ದೇ ಆದ ಸ್ಪ್ರಿಂಗ್ ಬ್ಯಾಚ್‌ನ ಬಲ ಬೇರೆ: ಅರ್ಧಕ್ಕೆ ನಿಂತ ಕೆಲಸವನ್ನು ನಿಂತಲ್ಲಿಂದ ಮುಂದುವರಿಸಬಹುದು. ಆದರೆ ತಾಯಿ ಮತ್ತು ಮಕ್ಕಳನ್ನು ಒಂದು ಘಟಕವಾಗಿ ಕೂಡಿಸುವ ರೀಡರ್ ಅನ್ನು ನೀವೇ ಬರೆಯಬೇಕು, ಮುಂದಿನ ಸಾಲನ್ನು ಇಣುಕಿ ನೋಡುವ ಸೌಲಭ್ಯವನ್ನಷ್ಟೇ ಅದು ಕೊಡುತ್ತದೆ. ಡಾಟ್‌ನೆಟ್‌ನವರಿಗೆ ಫೈಲ್‌ಹೆಲ್ಪರ್ಸ್ ಇದೆ. ಅದರ ಮಾಸ್ಟರ್-ಡಿಟೇಲ್ ಎಂಜಿನ್ ಎರಡು ಮಟ್ಟಕ್ಕೆ ಹೇಳಿಮಾಡಿಸಿದ್ದು; ನಮ್ಮ ಚೆಕ್‌ರೋಲ್‌ನಂತೆ ಬ್ಲಾಕ್, ಟೋಕನ್, ಕುಯ್ಲು ಎಂದು ಮೂರಾದರೆ ಬಹುಬಗೆಯ ಎಂಜಿನ್ ಹಿಡಿದು ಸಂಬಂಧವನ್ನು ನೀವೇ ಕಟ್ಟಬೇಕು. ಯಾವುದನ್ನು ಆರಿಸಿದರೂ ಅದರ ಕೊನೆಯ ಬಿಡುಗಡೆ ಯಾವಾಗ ಎಂದು ನೋಡಿಯೇ ಕೈ ಹಾಕಿ.

ಇವೆಲ್ಲ ಉಚಿತ, ಆದರೆ ಕಲಿಯುವ ಸಮಯ ಉಚಿತವಲ್ಲ. ವಾರಕ್ಕೊಂದು ಚೆಕ್‌ರೋಲ್ ಬಿಡಿಸುವ ತೋಟಕ್ಕೆ ಸ್ಪ್ರಿಂಗ್ ಬ್ಯಾಚ್ ಹೊರೆ. ದುಡ್ಡು ಕೊಟ್ಟು ಕೊಳ್ಳುವ ಇಟಿಎಲ್ (ಮಾಹಿತಿ ತೆಗೆದು, ರೂಪ ಬದಲಿಸಿ, ಬೇರೆಡೆ ತುಂಬುವ) ಸಾಧನಗಳ ಬಗ್ಗೆಯೂ ಅದೇ ಮಾತು. ಕಂಪನಿಯಲ್ಲಿ ಆಗಲೇ ಇದ್ದರೆ ಬಳಸಿ, ಇದೊಂದಕ್ಕಾಗಿ ಕೊಳ್ಳಬೇಡಿ.

ಫೈಲ್ ಅಪ್‌ಲೋಡ್ ಮಾಡಿದರೆ ಎಕ್ಸೆಲ್ ಮಾಡಿಕೊಡುವ ಜಾಲತಾಣಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಈ ಫೈಲುಗಳಲ್ಲಿ ಪ್ಯಾನ್ ಇದೆ, ಬ್ಯಾಂಕ್ ಖಾತೆ ಇದೆ, ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರ ಕೂಲಿ ಇದೆ. ಅದನ್ನು ಪರರ ಸರ್ವರ್‌ಗೆ ಕೊಡುವ ಹಕ್ಕು ನಮಗಿಲ್ಲ.

ಓದಿ ತಿದ್ದಿ ಮತ್ತೆ ಬರೆಯಬೇಕಿದ್ದರೆ

ಓದುವುದೊಂದೇ ಆಗಿದ್ದರೆ ಮೇಲಿನದ್ದು ಸಾಕು. ಅದೇ ಸ್ವರೂಪದಲ್ಲಿ ಫೈಲನ್ನು ವಾಪಸ್ ಕೊಡಬೇಕಾದಾಗ ತೂಕ ಬದಲಾಗುತ್ತದೆ. ನಾಚಾದಲ್ಲಿ ಒಂದು ಪಾವತಿ ತೆಗೆದರೆ ಬ್ಯಾಚಿನ ಎಣಿಕೆ, ಮೊತ್ತ, ಬ್ಯಾಂಕ್ ಸಂಖ್ಯೆಗಳನ್ನು ಕೂಡಿ ಪಡೆದ ಹ್ಯಾಶ್, ಮತ್ತೆ ಫೈಲಿನ ತಾಳೆಯಲ್ಲೂ ಅವೇ, ಕೊನೆಗೆ ತುಂಬುಸಾಲುಗಳು, ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಪವರ್ ಕ್ವೆರಿ ಇಲ್ಲಿ ಕೈಬಿಡುತ್ತದೆ. ಬೀನ್‌ಐಒ ಒಂದೇ ವಿವರಣೆಯಿಂದ ಓದಲೂ ಬರೆಯಲೂ ಬಲ್ಲದು. ಅಪಾಚೆ ಡಾಫೊಡಿಲ್ ಕೂಡ ಹಾಗೆಯೇ: ಡಿಎಫ್‌ಡಿಎಲ್ ಎಂಬ ವಿವರಣಾ ಭಾಷೆಯಲ್ಲಿ ಸ್ವರೂಪ ಬರೆದಿಟ್ಟರೆ ಎರಡೂ ದಿಕ್ಕಿಗೆ ಓಡುತ್ತದೆ. ಕಲಿಕೆ ಕಡಿದು, ಆದರೆ ಹಲವು ಸ್ವರೂಪಗಳನ್ನು ವರ್ಷಗಟ್ಟಲೆ ನಿಭಾಯಿಸಬೇಕಾದ ತಂಡಕ್ಕೆ ಆ ಶ್ರಮ ಸಲ್ಲುತ್ತದೆ.

ಟಿಡಿಎಸ್ ಫೈಲಿನ ವಿಷಯದಲ್ಲಿ ಮಾತ್ರ ಬರೆಯುವ ಕೆಲಸಕ್ಕೆ ಇವ್ಯಾವುದನ್ನೂ ಹಿಡಿಯಬೇಡಿ. ನಿಮ್ಮ ಪೈಥಾನ್ ಅಥವಾ ಪವರ್ ಕ್ವೆರಿ ಚಲನ್‌ಗೂ ಡಿಡಿ ಸಾಲುಗಳಿಗೂ ಮೊತ್ತ ಹೊಂದುತ್ತದೆಯೇ ಎಂದು ನೋಡಲಷ್ಟೇ ಇರಲಿ. ತಿದ್ದುವುದನ್ನು ಉಚಿತವಾಗಿ ಸಿಗುವ ರಿಟರ್ನ್ ಪ್ರಿಪರೇಷನ್ ಯುಟಿಲಿಟಿಯಲ್ಲೋ ನಿಮ್ಮ ಟಿಡಿಎಸ್ ಸಾಫ್ಟ್‌ವೇರ್‌ನಲ್ಲೋ ಮಾಡಿ, ಫೈಲ್ ವ್ಯಾಲಿಡೇಷನ್ ಯುಟಿಲಿಟಿಯಲ್ಲಿ ಹಾಯಿಸಿ. ಅದು ತಪ್ಪು ಹೇಳಿದರೆ ಸಾಲಿನ ಸಂಖ್ಯೆ ಹಿಡಿದು ನಿಮ್ಮ ಬಿಡಿಸಿದ ಹಾಳೆಗೆ ಬನ್ನಿ. ಆ ಸಾಲಿನ ಚಲನ್ ಯಾವುದು, ಅದರಡಿ ಇನ್ನಾರಿದ್ದಾರೆ ಎನ್ನುವುದು ಅಲ್ಲಿ ಕೂಡಲೇ ಸಿಗುತ್ತದೆ.